ಬೆವರುವ ಗೋಡೆ

ಒಂದಾನೊಂದು ಊರಿನ ಪೇಟೆಯ ನಟ್ಟನಡುವೆ ಹಳೇ ಮಾರ್ಕೆಟ್ಟು ಇತ್ತಂತೆ. ಅದರ ಗೋಡೆ ಬಿರುಬಿಸಿಲಲ್ಲೂ ಬೆವರುತ್ತಿತ್ತಂತೆ.

"ಯುಗಾದಿಯೊಳಗೆ ಒಣಗದಿದ್ರೆ ಕಟ್ಟಡ ಕೆಡವಿಸ್ತೀನಿ," ಎಂದ ಇಂಜಿನಿಯರು.

"ಒಣಗಿಸಿಕೊಡ್ತೀನಿ ಸಾಹೇಬ್ರೇ," ಎಂದು ಮಾತು ಕೊಟ್ಟಳು ಗಾರೆ ಕೆಲಸದ ಹೊನ್ನೂರಮ್ಮ.

ಮೇಲೆ ಬಳಿದ ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟಿತ್ತು. ಅದನ್ನೆಲ್ಲ ಕೆತ್ತಿ ತೆಗೆದು, ತೇವವನ್ನು ಹೊರಗೆ ಬಿಡುವ ಸುಣ್ಣದ ಗಾರೆ ಮೆತ್ತಿದಳು. ಆಮೇಲೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಗಳಿಗೆಗೊಮ್ಮೆ ಬಂದು ಗೋಡೆಗೆ ಅಂಗೈ ಒತ್ತುವಳು.

"ಜ್ವರ ಇಳೀತೇನಮ್ಮ ನಿನ್ನ ಗೋಡೆಗೆ?" ಎಂದು ಹೂವಿನಂಗಡಿಯವನು ಕಿಚಾಯಿಸುವನು.

ಯುಗಾದಿಯ ಹಿಂದಿನ ದಿನ ಇಂಜಿನಿಯರು ಗೋಡೆ ಮುಟ್ಟಿ ನೋಡಿದ. ಗರಿಗರಿ ಒಣಗಿತ್ತು. ಕೆಡವುವ ಆದೇಶವನ್ನು ಅಲ್ಲೇ ಹರಿದುಹಾಕಿದ.

"ಉಸಿರಾಡೋ ಗೋಡೆಗೆ ಸಿಮೆಂಟು ಬಳಿದ ಬುದ್ಧಿಗೇಡಿ ಯಾರಮ್ಮ?"

"ಆವಾಗ ನನಗಿನ್ನೂ ಇಪ್ಪತ್ತು ವರ್ಷ, ಸಾಹೇಬ್ರೇ."