ಟೋಲ್‌ಗೇಟ್ ಟ್ರಿಗರ್

ಅರ್ಧ ಕೆ.ಜಿ. ಬಟ್ಟು ಮೇಜಿನಿಂದ ಮೇಲೇಳುವ ಮೊದಲೇ ಪಿಸ್ತೂಲು ಟಕ್ ಎಂದಿತು. ಕೊಂಡಪ್ಪ ಅದನ್ನು ಮತ್ತೆ ನೆಟ್ಟಗೆ ಹಿಡಿದು, ಬಟ್ಟಿನ ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ನಿಧಾನವಾಗಿ ಎತ್ತಿದ. ಮತ್ತೆ ಟಕ್. ಮೂರನೆಯ ಸಲವೂ ಅಷ್ಟೇ.

"ನಿಮ್ಮ ಕುದುರೆ ಶಾನೆ ಚುರುಕಾಗೈತಲ್ಲಮ್ಮ," ಎಂದ. ಮಿಲಿಟರಿಯಿಂದ ನಿವೃತ್ತನಾಗಿ ದೇವನಹಳ್ಳಿಯ ಈ ಶೂಟಿಂಗ್ ರೇಂಜಿಗೆ ಸೇರಿದ್ದ ಅವನು ಹಳಬರ ಹಾಗೆ ಟ್ರಿಗರನ್ನು ಕುದುರೆಯೆಂದೇ ಕರೆಯುತ್ತಿದ್ದ. "ಅರ್ಧ ಕೆ.ಜಿ. ತಡೀದೇ ಇರೋ ಕುದುರೇನ ಒಳಕ್ಕೆ ಬಿಡಂಗಿಲ್ಲ. ಸರಿ ಮಾಡ್ಕೊಂಡ್ ಬನ್ನಿ. ನಿಮ್ಮ ಸರದಿ ಕೂಗಕ್ಕೆ ಇನ್ನ ಹತ್ತು ನಿಮಿಷ ಐತೆ."

"ಅದು ನನ್ನ ಕುದುರೆ ಅಲ್ಲ ಸಾರ್. ನಮ್ಮನೆಯವ್ರದು," ಎಂದು ಚಂದನ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಗೋಡಿದಳು. ಕಳೆದ ವರ್ಷ ಇದೇ ಸ್ಪರ್ಧೆಯಲ್ಲಿ ರಾಜ್ಯ ಮಟ್ಟಕ್ಕೆ ಹೋಗುವುದು ಒಂದೇ ಒಂದು ಅಂಕದಿಂದ ತಪ್ಪಿತ್ತು. ಈ ಸಲ ಗುರಿಯ ಮುಂದೆ ನಿಲ್ಲುವುದೇ ತಪ್ಪುವ ಹಾಗೆ ಕಾಣುತ್ತಿತ್ತು.

ಅಮರ್ ಗೇಟಿನ ಹತ್ತಿರ ನಿಂತು ಚಿತ್ರಾನ್ನ ತಿನ್ನುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಗುರಿಕಾರರು; ಮದುವೆಯಾದ ವರ್ಷ ದುಡ್ಡು ಸೇರಿಸಿ ಕೊಂಡ ಏರ್ ಪಿಸ್ತೂಲು ಮಾತ್ರ ಒಂದೇ. ಅವಳ ಸರದಿ ಈಗ, ಅವನದು ಮಧ್ಯಾಹ್ನ.

"ಟ್ರಿಗರ್ ಸ್ಕ್ರೂ ಮುಟ್ಟಿದ್ಯಾ?"

"ಇಲ್ಲ ಕಣೇ."

"ಹಂಗಾದ್ರೆ ಅದೇ ತಿರುಗ್ಬಿಡ್ತಾ?"

ಅಮರ್ ಕಡಲೆಬೀಜ ಅಗಿದು ಮುಗಿಸಿದ. "ಮಲಗೋ ಮುಂಚೆ ಒಂಚೂರು ಲೂಸ್ ಮಾಡ್ದೆ. ನಿಂಗೂ ಹಗುರ ಆಗ್ಲಿ ಅಂತ."

"ನನ್ ಹೆಸರು ಹೇಳ್ಬೇಡ. ಬೈಕ್ ಕೀ ಕೊಡು."

ಸ್ಕ್ರೂ ತಿರುಗಿಸುವ ಪುಟ್ಟ ಅಲೆನ್ ಕೀ ಕಳೆದುಹೋಗದಿರಲೆಂದು ಅಮರ್ ಅದನ್ನು ಬೈಕಿನ ಕೀಗೊಂಚಲಿಗೇ ಸಿಕ್ಕಿಸಿಟ್ಟಿದ್ದ. ಚಂದನ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿ ಕೂತಳು. ಸ್ಕ್ರೂವಿನ ತಲೆಯ ಮೇಲೊಂದು, ಪಕ್ಕದ ಲೋಹದ ಮೇಲೊಂದು, ಅವಳೇ ಇಟ್ಟ ಕೆಂಪು ನೈಲ್ ಪಾಲಿಶ್ ಚುಕ್ಕೆಗಳು. ಎರಡೂ ಒಂದೇ ಗೆರೆಗೆ ಬಂದರೆ ಅದು ಅವಳ ಟ್ರಿಗರ್. ಈಗ ಅವು ಜಗಳವಾಡಿದವರ ಹಾಗೆ ದೂರ ದೂರ ನಿಂತಿದ್ದವು.

"ಕಾಲು ಸುತ್ತು ಸಾಕು, ಪಾಸಾಗುತ್ತೆ," ಎಂದ ಅಮರ್ ಹಿಂದಿನಿಂದ ಬಗ್ಗಿ ನೋಡುತ್ತಾ. "ಪೂರ್ತಿ ತಿರುಗಿಸ್ಬೇಡ. ಟ್ರಿಗರ್ ಅಂದ್ರೆ ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ಗುಂಡು ಹಾರ್ಬಿಡ್ಬೇಕು. ನಿಂದು ಟ್ರಿಗರ್ರಾ ಅದು? ನೆಲಮಂಗಲ ಟೋಲ್‌ಗೇಟು. ಪ್ರತಿ ಸಲಾನೂ ನಿಂತೇ ಹೋಗ್ಬೇಕು."

"ಟೋಲ್‌ಗೇಟ್ ಇದ್ರೇನೇ ನೀನು ಬ್ರೇಕ್ ಹಿಡಿಯೋದು."

ಅವಳಿಗೆ ಬೇಕಿದ್ದುದೂ ಆ ನಿಲುಗಡೆಯೇ. ಮೊದಲು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಆಮೇಲೆ ಗೋಡೆ ಸಿಕ್ಕಂತೆ ನಿಲ್ಲಬೇಕು. ಅಲ್ಲಿ ಉಸಿರು ತಗ್ಗಿಸಿ, ಗುರಿ ಕೂಡಿಸಿ, ಸುಮ್ಮನೆ ಒತ್ತುತ್ತಾ ಹೋಗಬೇಕು. ನೆನೆಸಿದ ಅವರೆಕಾಳು ಹಿತುಕುವ ಹಾಗೆ. ಕಾಳು ಯಾವಾಗ ಸಿಪ್ಪೆಯಿಂದ ಜಾರಿತೆಂದು ಬೆರಳಿಗೇ ಗೊತ್ತಾಗಬಾರದು. ಗೊತ್ತಾದರೆ ಕೈ ಮೊದಲೇ ಹೆದರಿ ಅಲುಗುತ್ತದೆ. ಕಳೆದ ವರ್ಷ ಅಮರನ ಹಗುರ ಟ್ರಿಗರಿನಲ್ಲಿ ಹೊಡೆದಿದ್ದಳು. ಕೊನೆಯ ಗುಂಡು ಅವಳು ಹೇಳುವ ಮೊದಲೇ ಹಾರಿಹೋಗಿತ್ತು.

ಚುಕ್ಕೆಗೆ ಚುಕ್ಕೆ ಕೂಡುವವರೆಗೂ ತಿರುಗಿಸಿದಳು.

"ಮಧ್ಯಾಹ್ನ ನಾನು ಮತ್ತೆ ಬಿಚ್ತೀನಿ," ಎಂದ ಅಮರ್.

"ಬಿಚ್ಕೋ. ಈಗ ದಾರಿ ಬಿಡು."

ಕೊಂಡಪ್ಪ ಮತ್ತೆ ಬಟ್ಟನ್ನು ಸಿಕ್ಕಿಸಿ ಎತ್ತಿದ. ಬಟ್ಟು ಮೇಜು ಬಿಟ್ಟು ಮೇಲೆದ್ದು ಗಾಳಿಯಲ್ಲಿ ತೂಗಾಡಿತು. ಟ್ರಿಗರ್ ಮಿಸುಕಲಿಲ್ಲ. "ಈಗ ಹೇಳ್ದಂಗೆ ಕೇಳ್ತೈತೆ ನೋಡಿ," ಎಂದು ಪಿಸ್ತೂಲಿಗೆ ಚೀಟಿ ಅಂಟಿಸಿದ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.

ಒಂದು ಗಂಟೆ ಕಳೆದು ಹೊರಗೆ ಬಂದಾಗ ಚಂದನಳ ಬಲಗೈ ಭುಜದಿಂದ ಕೆಳಗೆ ಮರದ ತುಂಡಾಗಿತ್ತು. ರಾಜ್ಯ ಮಟ್ಟಕ್ಕೆ ಬೇಕಾದುದಕ್ಕಿಂತ ಆರು ಅಂಕ ಹೆಚ್ಚಿಗೆ ಬಂದಿತ್ತು. ಅಮರ್ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ಅವಳು ಪಿಸ್ತೂಲಿನ ಪೆಟ್ಟಿಗೆಯನ್ನೂ ಕೀಗೊಂಚಲನ್ನೂ ಒಟ್ಟಿಗೆ ಅವನ ಕೈಗಿಟ್ಟಳು.

"ತಗೋ. ನಿನ್ನ ಕುದುರೆ ನೀನು ಓಡಿಸ್ಕೋ."

ಮಧ್ಯಾಹ್ನ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವನ ಅಂಕ ತೋರಿಸುವ ಪರದೆ ನೋಡಿದಳು. ಅವನು ಯಾವಾಗಲೂ ಕೈ ಎತ್ತಿದ ತಕ್ಷಣ ಹೊಡೆದು ಮುಗಿಸುವವನು. ಇವತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡಿರುತ್ತಿದ್ದ. ಸಮಾಧಾನವಾಗದಿದ್ದರೆ ಇಳಿಸಿ ಮತ್ತೆ ಎತ್ತುತ್ತಿದ್ದ. ಹತ್ತರ ಮೇಲೆ ಹತ್ತು ಬೀಳುತ್ತಿತ್ತು. ಇಷ್ಟು ಅಂಕ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ಮುಗಿದ ಮೇಲೆ ಪಿಸ್ತೂಲು ಒರೆಸಿಡುವಾಗ ಚಂದನ ಸ್ಕ್ರೂ ನೋಡಿದಳು. ಎರಡು ಕೆಂಪು ಚುಕ್ಕೆಗಳು ಒಂದೇ ಗೆರೆಯಲ್ಲಿ, ಅವಳು ಬಿಟ್ಟಲ್ಲೇ ಇದ್ದವು. ಪೆಟ್ಟಿಗೆ ಮುಚ್ಚಿ ಚಿಲಕ ಹಾಕಿದಳು.

ಬೈಕಿನ ಹತ್ತಿರ ಹೆಲ್ಮೆಟ್ ಕಟ್ಟಿಕೊಳ್ಳುತ್ತಾ ಕೇಳಿದಳು: "ಟ್ರಿಗರ್ ಹೆಂಗಿತ್ತು?"

"ಅಯ್ಯೋ, ಒತ್ತಿ ಒತ್ತಿ ಬೆರಳೇ ಬಿದ್ದೋಯ್ತು."

"ಮತ್ತೆ ಬಿಚ್ಕೊಳ್ಬೇಕಿತ್ತು?"

"ಎಲ್ಲಿ ಬಿಚ್ಚೋದು? ಅಲೆನ್ ಕೀನೇ ಸಿಗ್ಲಿಲ್ಲ. ನೀನೇ ಎಲ್ಲೋ ಬೀಳಿಸಿರ್ಬೇಕು," ಎಂದು ಅಮರ್ ಕೀ ತಿರುಗಿಸಿ ಬೈಕ್ ಚಾಲೂ ಮಾಡಿದ.

ಚಂದನ ಹಿಂದೆ ಹತ್ತಿ ಕೂತಳು. ಅವನ ಭುಜದಾಚೆ, ಬೈಕಿನ ಕೀಗೆ ಜೋತುಬಿದ್ದ ಅಲೆನ್ ಕೀ ಎಂಜಿನ್ನಿನ ನಡುಕಕ್ಕೆ ಕಿಣಿ ಕಿಣಿ ಎನ್ನುತ್ತಿತ್ತು.

"ಹೋಗ್ಲಿ ಬಿಡು," ಎಂದಳು. "ನಿಧಾನಕ್ಕೆ ಹೋಗು. ಮುಂದೆ ಟೋಲ್‌ಗೇಟ್ ಐತೆ."