ಕದಲುವ ಹಾಗಿಲ್ಲ

ಬೆಟ್ಟದ ನೆತ್ತಿಗೆ ಇನ್ನೂ ಅರ್ಧ ಗಂಟೆಯ ದಾರಿ ಇತ್ತು. ಅವಳು ಬಂಡೆಯ ಮೇಲೆ ಕೂತೇ ಇದ್ದಳು. ಮಂಜು ದಟ್ಟವಾಗುತ್ತ ಬಂದು, ಎರಡು ಮಾರು ಆಚೆಯ ಕಾಲುದಾರಿಯೂ ಮುಚ್ಚಿಹೋಗಿತ್ತು. ಕಾಲು ಜೋಮು ಹಿಡಿದಿತ್ತು. ಚಾಚಲೋ ಬೇಡವೋ ಎಂದು ಯೋಚಿಸಿ ಸುಮ್ಮನಾದಳು.

ತನ್ನ ತಂಡವನ್ನು ಅವಸರದಿಂದ ಕೆಳಗಿಳಿಸುತ್ತಿದ್ದ ಗೈಡ್ ಅವಳನ್ನು ಕಂಡು ನಿಂತ.

"ಮೇಡಂ, ಬೆಳಗ್ಗೆ ಕರಿ ನಾಯಿ ಜೊತೆ ಹತ್ತಿದ್ರಲ್ಲ, ನೀವೇ ಅಲ್ವಾ? ಏಳಿ ಏಳಿ. ಪಕ್ಕದ ಕಣಿವೇಲಿ ಆನೆಗಳಿವೆ. ಇನ್ನು ಹತ್ತು ನಿಮಿಷಕ್ಕೆ ಇದೇ ದಾರಿಗೆ ಬರ್ತವೆ."

"ನಮ್ಮ ಯಜಮಾನ್ರು ಮೇಲೆ ಹೋಗಿದಾರೆ."

"ಅವರಿಗೆ ಫೋನ್ ಮಾಡಿ, ಆ ಕಡೆ ರಸ್ತೆಗೆ ಇಳೀಲಿ. ಅಲ್ಲಿ ಜೀಪ್ ಸಿಗುತ್ತೆ. ನೀವು ನಮ್ಮ ಜೊತೆ ಬನ್ನಿ."

ಅವಳು ಅರ್ಧ ಎದ್ದವಳು ಮತ್ತೆ ಕೂತಳು. ಮಂಜಿನೊಳಗೆ ಎಲ್ಲೋ ಕೊಂಬೆ ಮುರಿದ ಸದ್ದಾಯಿತು.

"ಆಗಲ್ಲಪ್ಪ. ಬೆರಳು ತೋರಿಸಿ 'ಸಿಟ್, ಸ್ಟೇ' ಅಂತ ಹೇಳಿ ಹೋಗಿದಾರೆ. ಅವರೇ ಬಂದು 'ಕಮ್' ಅನ್ನೋವರೆಗೂ ಇಲ್ಲಿಂದ ಕದಲೋ ಹಾಗಿಲ್ಲ."

ಗೈಡಿಗೆ ಆ ಗಾಬರಿಯಲ್ಲೂ ನಗು ಬಂತು.

"ಅಬ್ಬಾ, ಇಂಗ್ಲಿಷ್ ನಾಯಿ! ನಮ್ಮನೇದು ಹಚಾ ಅಂದ್ರೂ ಕೇಳಲ್ಲ. ಚೆನ್ನಾಗೇ ಪಳಗಿಸಿದಾರೆ ಬಿಡಿ. ಅದು ಏಳದಿದ್ರೆ ನಾನೇ ಹೊತ್ಕೊಂಡು ಬರ್ತೀನಿ. ಎಲ್ಲಿದೆ, ತೋರಿಸಿ?"

ಅವಳು ಸೆರಗಿಲ್ಲದ ಟೀ ಶರ್ಟಿನ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು.

"ನಾಯಿ ಅವರ ಜೊತೆ ಮೇಲೆ ಹೋಯ್ತು."