ಖಾಲಿ ವಿಶ್ವದ ಲೆಕ್ಕ

“ಇದು ಲೆಕ್ಕ ಹಾಕ್ತಾ ಇಲ್ಲ ಕಣೋ, ಉತ್ತರ ಬಾಯಿಪಾಠ ಮಾಡ್ಕೊಂಡು ಬಂದು ಒಪ್ಪಿಸ್ತಾ ಇದೆ!” ಭಾವ ಮೇಜು ಗುದ್ದಿದ ರಭಸಕ್ಕೆ ಲೋಟ ಮಗುಚಿತು. “ನಿಮ್ಮ ಆಮೆ ತೆವಳುತ್ತೆ ಅಂತ ನನ್ನ ಕುದುರೆ ಕಾಲಿಗೂ ಹಗ್ಗ ಕಟ್ಟಬೇಕಾ ಭಾವ?” ಎಂದ ಹೆಂಡತಿಯ ತಮ್ಮ.

ಇಬ್ಬರದೂ ಒಂದೇ ಕಸುಬು. ವಿಶ್ವದಲ್ಲಿ ಇಷ್ಟು ದ್ರವ್ಯವಿದ್ದರೆ ಗ್ಯಾಲಕ್ಸಿಗಳು ಹೇಗೆ ಗುಂಪುಗೂಡುತ್ತವೆ ಎಂದು ಲೆಕ್ಕ ಹಾಕಿ ಗೆರೆ ಎಳೆದು ತೋರಿಸುವ ಪ್ರೋಗ್ರಾಂ ಬರೆಯುವುದು. ಭಾವನದಕ್ಕೆ ಇಡೀ ದಿನ ಬೇಕು. ತಮ್ಮನದು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಸುತ್ತದೆ. ಭಾವ ಹೂಂ ಅಂದರೆ ಇವತ್ತೇ ಅದು ಗ್ಯಾಲಕ್ಸಿಗಳನ್ನು ನೋಡುವ ದೂರದರ್ಶಕದ ತಂಡದ ಕೈಸೇರುತ್ತದೆ. ಆದರೆ ಇಷ್ಟು ಬೇಗ ಬೇಳೆ ಬೆಂದದ್ದು ಹೇಗೆ ಎಂಬ ಗುಮಾನಿ ಅವನನ್ನು ಕೊರೆಯುತ್ತಿತ್ತು.

ಭಾವ ತಮ್ಮನ ಕೀಬೋರ್ಡ್ ಎಳೆದುಕೊಂಡು, ದ್ರವ್ಯ ಸೊನ್ನೆ ಎಂದು ಒತ್ತಿದ. ಏನೂ ಇಲ್ಲದ ವಿಶ್ವದಲ್ಲಿ ಗುಂಪುಗೂಡಲು ಯಾರಿದ್ದಾರೆ? ಬಾಯಿಪಾಠದ ಗಿಳಿಯಾದರೆ ಅದಕ್ಕೂ ಒಂದು ಗೆರೆ ಎಳೆದೇ ಎಳೆಯುತ್ತದೆ. ಆಗ ಕಳ್ಳನ ಜುಟ್ಟು ಕೈಗೆ ಸಿಗುತ್ತದೆ. ಕೊನೆಯ ಗುಂಡಿಯ ಮೇಲೆ ಅವನ ಬೆರಳು ಕ್ಷಣ ತಡೆದು ಇಳಿಯಿತು. ಗೆರೆ ಮೂಡಲಿಲ್ಲ. ‘ದ್ರವ್ಯವೇ ಇಲ್ಲ, ಲೆಕ್ಕ ಸಾಧ್ಯವಿಲ್ಲ’ ಎಂಬ ಒಂದು ಸಾಲು ಬಂತು.

ತಮ್ಮನ ಮುಖ ಅರಳಿತು. “ಈಗ ಒಪ್ಪಿದ್ರಾ ಭಾವ?” ಭಾವ ಆ ಸಾಲನ್ನೇ ದಿಟ್ಟಿಸಿದ. ಉತ್ತರ ಸರಿಯಾಗಿದ್ದದ್ದೇ ಅವನನ್ನು ಚುಚ್ಚಿತು. “ನಾನು ಇದನ್ನೇ ಕೇಳ್ತೀನಿ ಅಂತ ನಿನಗೆ ಗೊತ್ತಿತ್ತು. ಮೊದಲೇ ಬರೆದಿಟ್ಟಿದ್ದೀಯ.” ತಮ್ಮ ಕುರ್ಚಿಯಿಂದ ಎದ್ದ. “ಊಟಕ್ಕೆ ಕಾಯಬೇಡ ಅಂತ ಅಕ್ಕನಿಗೆ ಹೇಳಿ” ಎಂದು ಬ್ಯಾಗು ಹೆಗಲಿಗೇರಿಸಿದ. ಇನ್ನೂ ಕಠಿಣವಾದ ಪ್ರಶ್ನೆಯೊಂದನ್ನು ಹುಡುಕುತ್ತಿದ್ದ ಭಾವ ತಲೆ ಎತ್ತುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಮತ್ತೆ ಆ ಕೋಣೆಗೂ ಬರಲಿಲ್ಲ, ಅಕ್ಕನ ಮನೆಗೂ ಬರಲಿಲ್ಲ.